ಎಡಗೆನ್ನೆಯ ಮಚ್ಚೆ

ಗದ್ದ ಸರ್ ದುರಹಂಕಾರಿ. ಪ್ರಾಣ ಹೋದರೂ ‘ತಪ್ಪಾಯಿತು’ ಎನ್ನುವ ಜಾಯಮಾನ ಅವರದಲ್ಲ. ಸ್ಟುಡಿಯೋಗೆ ಬಂದವರನ್ನೆಲ್ಲ ‘ಗದ್ದ ಮೇಲೆ, ಗದ್ದ ಕೆಳಗೆ’ ಎಂದು ಗದರಿ ಗದರಿ ಸಂಪಾದಿಸಿದ ಹೆಸರು ಅದು. ಫೋಟೋದಲ್ಲಿ ಕಣ್ಣು ಮುಚ್ಚಿದ್ದರೆ ತಪ್ಪು ಕಣ್ಣಿನದು; ಮುಖ ಕಪ್ಪಗೆ ಬಂದರೆ ತಪ್ಪು ಮುಖದ್ದು.

“ನಿಮ್ಮನ್ನ ಕಟ್ಕೊಂಡಿದ್ದೂ ನನ್ನದೇ ತಪ್ಪು ಬಿಡಿ,” ಎನ್ನುತ್ತಿದ್ದಳು, ಕೌಂಟರಿನಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸುತ್ತ ಕೂರುವ ಹೆಂಡತಿ.

ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಹದಿಹರೆಯದ ಮಕ್ಕಳಿಗೆ ಭಾನುವಾರದ ಫೋಟೋ ತರಗತಿ ಶುರುವಾದಾಗ ಕಲಿಸಲು ಇವರನ್ನೇ ಕರೆದರು. ಅಲ್ಲಿಗೆ ಬಂದ ಒಬ್ಬ ಹುಡುಗಿಯ ಎಡಗೆನ್ನೆಯ ತುಂಬ ಹುಟ್ಟಿನಿಂದ ಬಂದ ಕಡುಗೆಂಪು ಮಚ್ಚೆ. ಕೂದಲು ಇಳಿಬಿಟ್ಟು ಅದನ್ನು ಮುಚ್ಚಿಕೊಂಡು, ಮೂಲೆ ಹಿಡಿದು ಕೂರುತ್ತಿದ್ದಳು. ಏನು ಕೇಳಿದರೂ ಹೂಂ, ಉಹೂಂ, ಅಷ್ಟೆ. ಸರ್ ಅವಳ ಕೈಗೆ ಕ್ಯಾಮೆರಾ ಕೊಟ್ಟು ಬಸ್ ನಿಲ್ದಾಣಕ್ಕೆ ಅಟ್ಟಿದರು.

“ಕೇಳದೆ ಯಾರ ಫೋಟೋನೂ ತೆಗೀಬಾರ್ದು. ಕೇಳಿ, ಬೈಸ್ಕೊಂಡು ಬಾ.”

ಬೈಸಿಕೊಂಡೇ ಕಲಿತಳು. ಚಪ್ಪಲಿ ಹೊಲಿಯುವ ಮುದುಕನಿಗೆ, “ನಗು ಅಜ್ಜಾ, ಹಲ್ಲಿಲ್ದಿದ್ರೆ ಏನಾಯ್ತು, ನಾನೇನ್ ಹಲ್ಲಿನ ಡಾಕ್ಟರಾ?” ಎನ್ನುವಷ್ಟು ಬಾಯಿ ಬಂತು. ಕ್ಯಾಮೆರಾಕ್ಕೆ ಅಡ್ಡ ಬರುತ್ತದೆಂದು ಕೂದಲನ್ನೂ ಎತ್ತಿ ಕ್ಲಿಪ್ ಹಾಕತೊಡಗಿದಳು.

ಕೆಲವು ತಿಂಗಳ ಮೇಲೆ ಮಕ್ಕಳ ಫೋಟೋಗಳ ಪ್ರದರ್ಶನ. ತಲೆಗೊಂದು ಫೋಟೋ. ಅವಳು ತನ್ನದೇ ಮುಖವನ್ನು ಕೊಟ್ಟಳು. ಕಿಟಕಿಯ ಬೆಳಕಿಗೆ ಎಡಗೆನ್ನೆಯೊಡ್ಡಿ, ನೋಡುವವರ ಕಣ್ಣಲ್ಲಿ ಕಣ್ಣಿಟ್ಟ ಮುಖ. “ಫೋಕಸ್ ಸರಿಯಿದೆ,” ಎಂದರು ಸರ್. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಪ್ರಿಂಟ್ ಹಾಕುವ ಕೆಲಸ ಅವರದು. ಮೊಡವೆ, ಹಳೆಯ ಗಾಯ, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಒರೆಸಿ ಕೊಟ್ಟೇ ಹೊಟ್ಟೆ ಹೊರೆದ ಬೆರಳುಗಳು, ಕಂಪ್ಯೂಟರಿನ ಮುಂದೆ ಕೂತರೆ ಮನಸ್ಸನ್ನು ಕೇಳಿ ಓಡಾಡುತ್ತಿರಲಿಲ್ಲ. ಮಚ್ಚೆಯನ್ನೂ ಒರೆಸಿದವು. ಸರ್‌ಗೆ ಖುಷಿಯೂ ಆಯಿತು: ಮಗು ನೋಡಿ ಹಿಗ್ಗುತ್ತದೆ.

ಪ್ರದರ್ಶನದ ದಿನ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಳು. ಗೋಡೆಯ ಮುಂದೆ ನಿಂತಳು.

“ಇದು ಯಾರು, ಸರ್?”

“ನೀನೇ. ಎಷ್ಟು ಚೆನ್ನಾಗಿ ಬಂದಿದೀಯ ನೋಡು.”

“ನಾನು ಹೀಗಿಲ್ಲ.”

“ಅದಕ್ಕೇ ತಾನೆ ಸರಿ ಮಾಡಿದ್ದು!”

ಅವಳ ಕೈ ತಲೆಯ ಹಿಂದಕ್ಕೆ ಹೋಗಿ ಕ್ಲಿಪ್ ಬಿಚ್ಚಿತು. ಕೂದಲು ಕೆನ್ನೆಯ ಮೇಲೆ ಬಿತ್ತು.

ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಕ್ಯಾಮೆರಾವನ್ನು ತಾಯಿ ತಂದು ಗ್ರಂಥಾಲಯದಲ್ಲಿ ಕೊಟ್ಟು ಹೋದಳು.

“ಹೋಗಿ ಒಂದು ಮಾತು ಹೇಳಿ ಬನ್ನಿ,” ಎಂದಳು ಹೆಂಡತಿ.

“ನಾನೇನ್ ಅವಳ ಮುಖಕ್ಕೆ ಮಸಿ ಬಳಿದ್ನಾ?”

“ಮಸಿಯಾಗಿದ್ರೆ ತೊಳ್ಕೋತಿದ್ಲು.”

ಸರ್ ಊಟದ ತಟ್ಟೆ ಬಿಟ್ಟು ಎದ್ದರು. ಅದೇ ವಾರ ಬಸ್ ನಿಲ್ದಾಣದಲ್ಲಿ ಹುಡುಗಿ ಕಣ್ಣಿಗೆ ಬಿದ್ದಳು. ಎಡಗೆನ್ನೆಯನ್ನು ಗೋಡೆಗೆ ಮಾಡಿಕೊಂಡು ನಿಂತಿದ್ದಳು. ಚಪ್ಪಲಿ ಹೊಲಿಯುವ ಅಜ್ಜ ಕೂಗಿ ಕರೆದರೂ ತಿರುಗಲಿಲ್ಲ. ಸರ್ ಅವಳ ಎದುರು ಹೋಗಲಾರದೆ ರಸ್ತೆ ದಾಟಿ ಆಚೆ ಬದಿಗೆ ನಡೆದುಬಿಟ್ಟರು. ಅಲ್ಲಿಂದಾಚೆ ಸ್ಟುಡಿಯೋದಲ್ಲಿ ಯಾರದಾದರೂ ಮೊಡವೆ ಒರೆಸಲು ಕೂತರೆ ಬೆರಳು ತಡೆಯುತ್ತಿತ್ತು.

ಒಂದು ಸಂಜೆ ಅವಳ ಮನೆಯ ಮೆಟ್ಟಿಲು ಹತ್ತಿ ಬೆಲ್ ಒತ್ತಿದರು. ತಾಯಿ ಅರ್ಧ ಬಾಗಿಲು ತೆರೆದಳು. ಒಳಗಿನಿಂದ ಹುಡುಗಿಯ ದನಿ ಬಂತು: “ಅಮ್ಮಾ, ನಾನಿಲ್ಲ ಅಂತ ಹೇಳು.”

“ಅವಳಿಲ್ಲ, ಸರ್,” ಎಂದು ತಾಯಿ ನೆಲ ನೋಡುತ್ತ ಬಾಗಿಲು ಹಾಕಿಕೊಂಡಳು.

ಪಕ್ಕದ ಮನೆಯಾಕೆ ಇಣುಕಿದಳು. “ಯಾರು ಬೇಕಿತ್ತು?”

“ಯಾರೂ ಬೇಡಮ್ಮ,” ಎಂದರು ಸರ್. ಮುಚ್ಚಿದ ಬಾಗಿಲಿನ ಕಡೆ ತಿರುಗಿ, “ನಾನು ಮಾಡಿದ್ದು ತಪ್ಪು,” ಎಂದರು. ಒಳಗೆ ಕೇಳಿಸಿತೋ ಇಲ್ಲವೋ ಎಂದು, ಮೇಲಿನ ಕೆಳಗಿನ ಮನೆಗಳ ಬಾಗಿಲುಗಳೂ ತೆರೆದುಕೊಳ್ಳುವ ಹಾಗೆ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.