ಬೀದಿಗೆ ಮುಖ ಮಾಡಿದ ಚಪ್ಪಲಿ

ದೆವ್ವ, ಭೂತ ಅಂದರೆ ನಗುವವಳು ನಾನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಡುವೆಯೇ ಎದ್ದು ಚಹಾ ಇಡಲು ಹೋಗುತ್ತಿದ್ದೆ. ಈಗ ನಾನೇ ಹೇಳಬೇಕಾಗಿದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ, ದಯವಿಟ್ಟು ನೀವು ಏಳಬೇಡಿ.

ನಮ್ಮ ಯಜಮಾನರು ಮೊದಲು ಕುರುಗೋಡಿನಲ್ಲಿ, ಆಮೇಲೆ ಸಿರುಗುಪ್ಪದಲ್ಲಿ ಆಂಬುಲೆನ್ಸಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು. ಮನೆಗೆ ಬಂದಾಗ ಚಪ್ಪಲಿಯ ತುದಿ ಬೀದಿಯ ಕಡೆಗಿರುವಂತೆ ಬಿಡುತ್ತಿದ್ದರು. ಕರೆ ಬಂದರೆ ಕಾಲು ತೂರಿಸಿ ಓಡುವುದಕ್ಕೆ. ಮಗನ ಮದುವೆಯ ದಿನವೂ ಬೇರೆ ಯಾರೂ ಸಿಗಲಿಲ್ಲವೆಂದು, ಎಲೆಯಲ್ಲಿ ಅರ್ಧ ಹೋಳಿಗೆ ಬಿಟ್ಟು ರಾರಾವಿಗೆ ಹೆರಿಗೆ ಕೇಸಿಗೆ ಹೋದರು. ವಾಪಸು ಬಂದು, “ಹೆಣ್ಣು ಕೂಸು. ಇಬ್ರೂ ಚಲೋ ಅದಾರ” ಅಂದು ಅದೇ ಹೋಳಿಗೆ ಮುಗಿಸಿದರು.

ನನಗೋ ಕೀಟಲೆ. ಅವರು ಸ್ನಾನಕ್ಕೆ ಹೋದಾಗ ಆ ಚಪ್ಪಲಿಯನ್ನು ಒಳಮುಖ ಮಾಡಿಡುತ್ತಿದ್ದೆ. ಬೈಯದೆ ಮತ್ತೆ ತಿರುಗಿಸಿಡುತ್ತಿದ್ದರು. ರಿಟೈರಾದ ಮೇಲೂ ಈ ಆಟ ನಿಲ್ಲಲಿಲ್ಲ. ಅವರು ತೀರಿಕೊಂಡಾಗ ಆಟವೂ ಮುಗಿಯಿತು ಅಂದುಕೊಂಡೆ.

ಕಳೆದ ವರ್ಷ ಎಂಟು ತಿಂಗಳ ಬಸುರಿ ಮೊಮ್ಮಗಳು ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಉಂಡು ಒಳಗೆ ಅಡ್ಡಾಗಿದ್ದರು. ನಾನು ಹೊರಗೆ ಬಂದರೆ ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ. ಮೂರು ಒಳಮುಖ. ಮೊಮ್ಮಗಳದ್ದು ಮಾತ್ರ ನೀಟಾಗಿ ಜೋಡಿಸಿಟ್ಟಂತೆ ಬೀದಿಗೆ ತಿರುಗಿತ್ತು. ಒಳಮುಖ ಮಾಡಿದೆ. ಸಂಡಿಗೆ ತಿರುವಿಹಾಕಿ ಬಂದು ನೋಡಿದರೆ ಮತ್ತೆ ಬೀದಿಗೆ.

ಎಬ್ಬಿಸಿ ಹೇಳಿದರೆ ಅವಳು ನಕ್ಕಳು. “ಅಜ್ಜಿ, ಈ ಮನ್ಯಾಗ ಚಪ್ಪಲಿ ತಿರುಗಿಸೋ ಕಳ್ಳಿ ನೀನೊಬ್ಬಾಕಿನ. ಯಾರಿಗೆ ಹೇಳಾಕತ್ತಿ?” ಮಗನೂ ನಕ್ಕ. ಅವಳಿಗೆ ಬೆಳಗಿನಿಂದ ತಲೆನೋವು, ಪಾದ ಬಾತಿತ್ತು. ಬಿಸಿಲಿಗೆ ಅಂದಿದ್ದಳು. ಡಾಕ್ಟರ ಹತ್ತಿರ ಹೋಗೋಣ ಅಂದರೆ, ಮುಂದಿನ ವಾರ ಹೇಗೂ ಹೋಗುವುದಿದೆ ಅಂದಳು. ಜೀವಮಾನವಿಡೀ ತಮಾಷೆ ಮಾಡಿದವಳ ಮಾತು ಯಾರು ನಂಬುತ್ತಾರೆ?

ಅದಕ್ಕೇ ಇನ್ನೊಂದು ತಮಾಷೆ ಮಾಡಿದೆ. ಎದೆ ಹಿಡಿದು ಕಟ್ಟೆಯ ಮೇಲೆ ಕೂತೆ. “ಎದಿ ಹಿಂಡಿದಂಗ ಆಗಾಕತ್ತೈತಿ. ಬಳ್ಳಾರಿಗೆ ಕರ್ಕೊಂಡು ನಡೀರಿ. ಇಕಿ ನನ್ನ ಬಾಜೂಕ ಕುಂದರಬೇಕು.” ಮಗ ಗಾಬರಿಯಿಂದ ಕಾರು ತೆಗೆದ. ತೆಕ್ಕಲಕೋಟೆಯವರೆಗೂ ನರಳಿದೆ. ಆಮೇಲೆ ಮೈಮರೆತು, ಯಾರ ಹತ್ತಿರವಾದರೂ ಶೇಂಗಾ ಇದೆಯಾ ಅಂದುಬಿಟ್ಟೆ. ಮಗ ಕನ್ನಡಿಯಲ್ಲಿ ನೋಡಿದ. ಮತ್ತೆ ನರಳಿದೆ.

ಆಸ್ಪತ್ರೆಯಲ್ಲಿ ನರ್ಸ್ ಬಿ.ಪಿ. ಪಟ್ಟಿ ತಂದಾಗ ನನ್ನ ತೋಳು ಕೊಡಲಿಲ್ಲ. “ಮೊದಲ ಇಕಿದು ನೋಡವ್ವ” ಅಂದೆ. ಬಿ.ಪಿ. ವಿಪರೀತ ಏರಿತ್ತು; ನೋಡಿದವಳು ಓಡಿಹೋಗಿ ಡಾಕ್ಟರನ್ನು ಕರೆತಂದಳು. ಸಂಜೆಯೊಳಗೆ ಆಪರೇಷನ್. ಒಂದು ದಿನ ತಡವಾಗಿದ್ದರೆ ತಾಯಿ, ಮಗು ಇಬ್ಬರಿಗೂ ಕಷ್ಟವಿತ್ತು ಎಂದರಂತೆ ಡಾಕ್ಟರು.

ಮಗ ಹೊರಗೆ ಬಂದು ನನ್ನ ಪಕ್ಕ ಕೂತ. “ಹೆಣ್ಣು ಕೂಸು, ಅವ್ವಾ. ಇಬ್ರೂ ಚಲೋ ಅದಾರ.” ಅವರಪ್ಪನದೇ ಮಾತು, ಒಂದಕ್ಷರವೂ ಬಿಡದ ಹಾಗೆ.

ನಾನೇ ತಿರುಗಿಸಿ ಮರೆತಿರಬೇಕು ಎಂದು ಅವನು ಈಗಲೂ ಹೇಳುತ್ತಾನೆ. ಒಂದು ಸಲವಾದರೆ ಒಪ್ಪಬಹುದು. ಎರಡನೆಯ ಸಲ ನನ್ನ ಕೈ ಸಂಡಿಗೆಯ ಮೇಲಿತ್ತು. ಯಾರು ಎಂದು ನನಗೆ ಗೊತ್ತಿಲ್ಲ.

ದಿನಾ ಮಲಗುವ ಮುಂಚೆ ಮನೆಮಂದಿಯ ಚಪ್ಪಲಿಯನ್ನೆಲ್ಲ ಬೇಕೆಂತಲೇ ಒಳಮುಖ ಮಾಡಿಡುತ್ತೇನೆ. ಬೆಳಿಗ್ಗೆ ಎದ್ದವಳೇ ಹೋಗಿ ನೋಡುತ್ತೇನೆ. ಇಟ್ಟ ಹಾಗೇ ಇದ್ದರೆ, ನಿಶ್ಚಿಂತೆಯಿಂದ ಚಹಾ ಇಡುತ್ತೇನೆ.