ಅತ್ತೆಯ ದನಿಗೊಂದು ಡಬ್ಬಿ

ಗೆಳೆಯರೇ, ಇವತ್ತು ತುಮಕೂರಿನ ಕಂಪ್ಯೂಟರ್ ಅಂಗಡಿಯಲ್ಲಿ ನಾನೂ ನನ್ನ ಗಂಡನೂ ಜಗಳವಾಡಿದೆವು. ಎರಡರಲ್ಲಿ ಒಂದನ್ನೇ ಕೊಳ್ಳುವುದಿತ್ತು. ಹೊಸ ಪುಟ್ಟ ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ಅವರಿಗೆ ಬೇಕು. ಕೆಟ್ಟುಹೋದ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೂರಿಸುವ ಡಬ್ಬಿ ನನಗೆ ಬೇಕು. ಆ ಡಿಸ್ಕಿನಲ್ಲಿ ನಮ್ಮತ್ತೆ ಹಾಡಿದ್ದ ಸೋಬಾನೆ ಹಾಡುಗಳಿದ್ದವು. ಗಂಟಲಿನ ಆಪರೇಷನ್ ಆದಮೇಲೆ ಅವರದು ಬರೀ ಪಿಸುಮಾತು.

"ಸತ್ತೋಗಿರೋ ಡಿಸ್ಕಿಗೆ ಡಬ್ಬಿ ಯಾಕೆ?" ಎಂದರು ಇವರು.

"ಸತ್ತಿದೆ ಅಂತ ನೋಡ್ದೋರ್ಯಾರು?" ಎಂದೆ.

ಅಂಗಡಿಯವರು ಡಿಸ್ಕನ್ನು ಡಬ್ಬಿಯೊಳಗಿಟ್ಟು ಲ್ಯಾಪ್‌ಟಾಪಿಗೆ ಜೋಡಿಸಿದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಫೋಲ್ಡರುಗಳು ಬಂದವು, ಅತ್ತೆಯ ದನಿ ಅಂಗಡಿ ತುಂಬಿತು. ಇವರು ಡಿವಿಡಿ ಡ್ರೈವನ್ನು ಕೌಂಟರಿನ ಮೇಲೆ ವಾಪಸಿಟ್ಟರು.

ಸಂಜೆ ಗುಬ್ಬಿಗೆ ಹೋಗಿ ಅತ್ತೆಗೆ ಕೇಳಿಸಿದೆವು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಅಳುತ್ತಾರೇನೋ ಎಂದು ನಾನು ಪಕ್ಕದಲ್ಲೇ ಕೂತಿದ್ದೆ.

"ರಾಗ ಎಳೆದಿದ್ದು ಜಾಸ್ತಿಯಾಯ್ತು ಕಣೇ," ಎಂದು ಪಿಸುಗುಟ್ಟಿದರು. "ದನಿ ವಾಪಸ್ ಬರುತ್ತೆ ಅಂದವ್ರೆ ಡಾಕ್ಟ್ರು. ಬಂದ್ಮೇಲೆ ಇನ್ನೊಂದ್ಸಲ ಹಾಡು ಹೇಳ್ತೀನಿ, ಇದನ್ನ ಅಳಿಸ್ಬುಡು."

ಹೊಸ ಹಾಡುಗಳಿಗೆ ಜಾಗ ಮಾಡಿಟ್ಟೆ, ಹಳೆಯದನ್ನು ಅಳಿಸಲಿಲ್ಲ. ಅತ್ತೆಯ ಮಾತು ಮೀರಲು ಇಷ್ಟು ಒಳ್ಳೆಯ ಕಾರಣ ನನಗೆ ಇದುವರೆಗೆ ಸಿಕ್ಕಿರಲಿಲ್ಲ.