ಅಕ್ಕನ ಪಾಲಿನ ಮೊಟ್ಟೆ

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ಕೆಲಸವನ್ನು ನಿಮಗೆ ಇದುವರೆಗೆ ಹೇಳಿಲ್ಲ, ಮೊಮ್ಮಕ್ಕಳೇ. ಈಗಲೂ ನೆನೆದರೆ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ನಮ್ಮದು ಮಾಗಡಿ ಹತ್ತಿರದ ಹಳ್ಳಿ. ಅಂಗಳದಲ್ಲಿ ನಿಂತರೆ ಸಾವನದುರ್ಗ ಕಾಣುತ್ತಿತ್ತು. ಅಕ್ಕನಿಗೆ ಹನ್ನೆರಡು ವರ್ಷವಾಗಿದ್ದಾಗ ಬೆನ್ನುಮೂಳೆಗೆ ಕ್ಷಯ ತಗುಲಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ, ವರ್ಷವಿಡೀ ಅಲ್ಲಾಡದೆ ಮಲಗಿರಬೇಕು, ಹಾಲು ಮೊಟ್ಟೆ ಚೆನ್ನಾಗಿ ಕೊಡಿ ಎಂದು ಹೇಳಿ ಮನೆಗೆ ಕಳಿಸಿದರು.

ಊರಿನವರು ನಮ್ಮ ಕೈಬಿಡಲಿಲ್ಲ. ಅಪ್ಪ ಔಷಧಿ ತರಲು ಬೆಂಗಳೂರಿಗೆ ಹೋದ ದಿನ ಯಾರಾದರೂ ಬಂದು ನಮ್ಮ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಅವ್ವ ಅಕ್ಕನ ಮೈ ಒರೆಸುತ್ತಿದ್ದರೆ ಪಕ್ಕದ ಮನೆಯವರು ಮುದ್ದೆ ಮಾಡಿಕೊಡುತ್ತಿದ್ದರು. ಕೆರೆ ಹತ್ತಿರ ಒಬ್ಬಳು ಮುದುಕಿ ಇದ್ದಳು, ಊರಿಗೆಲ್ಲ ದೊಡ್ಡವ್ವ. ಅವಳು ದಿನಾ ಒಂದು ಮೊಟ್ಟೆ ಬೇಯಿಸಿ, ನಾನು ಶಾಲೆಯಿಂದ ಬರುವ ಹೊತ್ತಿಗೆ ಕಾದಿದ್ದು, ಅಕ್ಕನಿಗೆ ಕೊಡೆಂದು ನನ್ನ ಕೈಗಿಡುತ್ತಿದ್ದಳು.

ಮೊದಲ ವಾರ ನೆಟ್ಟಗೆ ತಂದುಕೊಟ್ಟೆ. ಆದರೆ ಮನೆಯಲ್ಲಿ ನನ್ನನ್ನು ಉಂಡೆಯಾ ಎಂದು ಕೇಳುವವರೇ ಇರಲಿಲ್ಲ. ಅಪ್ಪ, ಅವ್ವ ಇಬ್ಬರ ಕಣ್ಣೂ ಅಕ್ಕನ ಮಂಚದ ಮೇಲೆ. ಒಂದು ದಿನ ಅಂಗಿ ಜೇಬಿನಲ್ಲಿ ಬೆಚ್ಚಗಿದ್ದ ಮೊಟ್ಟೆ ಎದೆಗೆ ತಾಗುತ್ತಲೇ ಇತ್ತು. ಹೊಂಗೆ ಮರದ ಹಿಂದೆ ಕೂತು, ಸಿಪ್ಪೆ ಸುಲಿದು, ಎರಡೇ ತುತ್ತಿಗೆ ತಿಂದುಬಿಟ್ಟೆ. ಕೋಳಿ ಮೊಟ್ಟೆ ಇಡುವುದು ನಿಂತಿದೆಯಂತೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. ಮಾರನೆಯ ದಿನವೂ ತಿಂದೆ. ಹೀಗೆ ಹದಿನೈದು ದಿನ.

ಒಂದು ಭಾನುವಾರ ದೊಡ್ಡವ್ವ ತಾನೇ ಅಕ್ಕನನ್ನು ನೋಡಲು ಬಂದಳು. ಮಂಚದ ಪಕ್ಕ ಕೂತು ಅವಳ ಬಡಕಲು ತೋಳು ಸವರಿದಳು.

“ದಿನಾ ಮೊಟ್ಟೆ ತಿಂದ್ರೂವೆ ಮೈ ಹಿಡಿದಿಲ್ವಲ್ಲ ಮಗ. ನಮ್ ಮೊಮ್ಮಗಂಗೂ ಕೊಡ್ದೆ ನಿಂಗೇ ಅಂತ ಮಡಗ್ತಾ ಇವ್ನಿ.”

ನಾನು ಬಾಗಿಲ ಹತ್ತಿರವಿದ್ದೆ. ಅಕ್ಕ ಕತ್ತು ಮಾತ್ರ ತಿರುಗಿಸಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ತಿಂತಾ ಇವ್ನಿ ದೊಡ್ಡವ್ವ,” ಎಂದಳು. “ಒಸಿ ನಿಧಾನ ಆಯ್ತದೆ ಅಷ್ಟೆ.”

ದೊಡ್ಡವ್ವ ಹೋದ ಮೇಲೆ ಬೈಗುಳಕ್ಕೆ ಕಾದೆ. ಅಕ್ಕ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, “ನಿಂಗೂ ಹೊಟ್ಟೆ ಹಸ್ದಿರ್ತದೆ ಕಣ್ಲಾ. ನಾಳೆಯಿಂದ ಅರ್ಧ ನಂಗೆ, ಅರ್ಧ ನಿಂಗೆ” ಎಂದಳು.

ನಾನು ಹಿತ್ತಲಿಗೆ ಓಡಿ, ಹುಲ್ಲಿನ ಮೆದೆಗೆ ಮುಖ ಒತ್ತಿಕೊಂಡು ಅತ್ತೆ. ಮಾರನೆಯ ದಿನದಿಂದ ಮೊಟ್ಟೆಯನ್ನು ಸಿಪ್ಪೆ ಸಮೇತ ಅವಳ ಕೈಗಿಡತೊಡಗಿದೆ. ಅವಳು ಅರ್ಧ ಕೊಟ್ಟರೆ ಬೇಡವೆನ್ನುತ್ತಿದ್ದೆ.

ಎರಡು ವರ್ಷಕ್ಕೆ ಅಕ್ಕ ಎದ್ದು ನಡೆದಳು. ಬೆನ್ನು ಮಾತ್ರ ಸ್ವಲ್ಪ ಬಾಗಿಯೇ ಉಳಿಯಿತು. ಆ ಹದಿನೈದು ದಿನಗಳಿಂದ ಹಾಗಾಯಿತೋ ಏನೋ, ನನಗೆ ಗೊತ್ತಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ದೊಡ್ಡವ್ವನಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಅವಳ ಮನೆಯವರೆಗೆ ಹೋಗಿ ವಾಪಸು ಬಂದೆ. ನಾನು ಬಾಯಿ ಬಿಡುವ ಮೊದಲೇ ಅವಳು ತೀರಿಕೊಂಡಳು.

ಈಗ ಬಿಡದಿಯ ಕಡೆ ಹೊಲಗಳೆಲ್ಲ ಕಾರ್ಖಾನೆಗಳಾಗಿವೆ. ನಿಮ್ಮಪ್ಪನನ್ನು ಕರೆದೊಯ್ಯಲು ಕಂಪನಿ ಬಸ್ಸು ಬರುತ್ತದೆ. ನಿಮಗೆ ಶಾಲೆಯಲ್ಲೇ ಬಿಸಿಯೂಟ ಸಿಗುತ್ತದೆ. ನಿಮ್ಮ ತರಗತಿಯ ಹುಡುಗಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ, ಅವಳಪ್ಪನ ಜೊತೆ ಕೆಲಸ ಮಾಡುವವರು ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದರು. ನೀವು ದಿನಾ ಅವಳಿಗೆ ಪಾಠ ಬರೆದು ತಲುಪಿಸುತ್ತೀರಿ. ನಿಮ್ಮ ವಯಸ್ಸಿನಲ್ಲಿ ನಾನು ಹೀಗಿರಲಿಲ್ಲ. ನನ್ನದೊಂದೇ ಮಾತು: ಅವಳ ಮನೆಗೆ ಹೋದಾಗ ಅವಳ ತಮ್ಮನನ್ನೂ ಸ್ವಲ್ಪ ಹೊತ್ತು ಆಟಕ್ಕೆ ಕರೆಯಿರಿ. ಅವನನ್ನು ಯಾರಾದರೂ ಮಾತಾಡಿಸಿ ಎಷ್ಟು ದಿನವಾಯಿತೋ.